ಬಲಕ್ಕೆ ದೇವರು, ಎದುರಿಗೆ ಬಾಣ

ಇದರಲ್ಲಿ ಅರ್ಧ ನಾನೇ ಕಣ್ಣಾರೆ ಕಂಡದ್ದು. ಉಳಿದರ್ಧ, ಅಂದರೆ ನಿಜವಾಗಿ ನಡೆದದ್ದೇನು ಅನ್ನುವ ಅರ್ಧ, ನನಗೆ ಮೊದಲು ಹೇಳಿದವರು ಹೂವಿನ ಜಯಮ್ಮ. ನಮ್ಮ ಬೀದಿಯ ಆಂಜನೇಯನ ಗುಡಿ ಮೆಟ್ಟಿಲ ಪಕ್ಕ ಕೂತು ಹೂವು ಕಟ್ಟುತ್ತಾರಲ್ಲ, ಅವರೇ. ಗುಡಿಗೆ ಎದುರಾಗಿ ನನ್ನ ಜೆರಾಕ್ಸ್ ಅಂಗಡಿ. ನಾನು ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಿದವಳು. ಕೆಲಸಕ್ಕೆ ಅರ್ಜಿ ಹಾಕುವಾಗೆಲ್ಲ ಆ ಸರ್ಟಿಫಿಕೇಟಿನ ಜೆರಾಕ್ಸ್ ತೆಗೆಸಿ ತೆಗೆಸಿ ಸಾಕಾಗಿ ಕೊನೆಗೆ ಯಂತ್ರವನ್ನೇ ಕೊಂಡುಕೊಂಡೆ.

ಊರು ಯಾವುದು ಅಂತ ಹೇಳುವುದಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕರಲ್ಲಿ ಒಂದು. ಹೇಳಿಬಿಟ್ಟರೆ ಪಾಪದ ಪೊಲೀಸಿನವರೊಬ್ಬರಿಗೆ ತೊಂದರೆ. ನಾಲ್ಕೂ ಊರಿನವರು ಓದಿ, ಇದು ನಮ್ಮೂರೇ ಅನ್ನುತ್ತಾರೆ ಅನ್ನುವುದೂ ಗೊತ್ತು. ಒನ್‌ವೇ ರಸ್ತೆಯಲ್ಲಿ ಎದುರಿನಿಂದ ಸೈಕಲ್ ಬರುವುದು ನಮ್ಮ ಕಡೆ ಸುದ್ದಿಯಲ್ಲ, ದಿನಚರಿ. ಬೈಕಿನವರನ್ನು ಹಿಡಿದರೆ ದಂಡ ಬರೆಯಬಹುದು. ಸೈಕಲ್ಲಿಗೆ ನಂಬರ್ ಪ್ಲೇಟಿಲ್ಲ, ತುಳಿಯುವವನಿಗೆ ಲೈಸೆನ್ಸಿಲ್ಲ. ಹಿಡಿದವರಿಗೇ, ಹಿಡಿದಾಯಿತು, ಮುಂದೇನು ಅನ್ನುವ ಗೊಂದಲ.

ಬಾಣ

ನಮ್ಮ ಗುಡಿ ರಸ್ತೆಯ ನಟ್ಟನಡುವೆ ಇದೆ. ರಸ್ತೆ ಅದರ ಸುತ್ತ ಹಾರದ ಹಾಗೆ ಬಳಸಿಕೊಂಡು ಹೋಗುತ್ತದೆ. ಹಿಂದಿನಿಂದಲೂ ಯಾರು ಯಾವ ಕಡೆಯಿಂದ ಬಂದರೂ ಅಡ್ಡಿಯಿರಲಿಲ್ಲ. ಒಂದು ದಿನ ಪೊಲೀಸ್ ಇಲಾಖೆಯವರು ಬಂದು, ಇನ್ನು ಮುಂದೆ ಎಲ್ಲ ವಾಹನಗಳೂ ಒಂದೇ ದಿಕ್ಕಿನಲ್ಲಿ ಸುತ್ತಬೇಕು ಅಂತ ತೀರ್ಮಾನಿಸಿದರು. ಯಾಕೆ ಆ ದಿಕ್ಕು, ಈ ದಿಕ್ಕು ಯಾಕಲ್ಲ ಅಂತ ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಇಡೀ ಸುತ್ತಿಗೆ ಒಂದೇ ಬೋರ್ಡು ತಂದಿದ್ದರು. ಅದನ್ನು ನನ್ನ ಅಂಗಡಿಗೂ ಪಕ್ಕದ ಬೇಕರಿಗೂ ನಡುವೆ ನೆಟ್ಟರು. ನೀಲಿ ಬಣ್ಣದ ಬೋರ್ಡು, ಮೇಲೆ ‘ಏಕಮುಖ ಸಂಚಾರ’ ಅನ್ನುವ ಅಕ್ಷರ, ಕೆಳಗೆ ಒಂದು ದಪ್ಪ ಬಾಣ. ಬಾಣದ ಮೂತಿ ನೆಟ್ಟಗೆ ನನ್ನ ಅಂಗಡಿ ಬಾಗಿಲಿಗೆ.

ಅವತ್ತು ನನಗೆ ಬಂದಷ್ಟು ಗಿರಾಕಿ ಅಂಗಡಿ ಪೂಜೆಯ ದಿನವೂ ಬಂದಿರಲಿಲ್ಲ. ಒಬ್ಬಾಕೆ ರೇಷನ್ ಕಾರ್ಡಿನಲ್ಲಿ ಮಗುವಿನ ಹೆಸರು ಸೇರಿಸಬೇಕು ಅಂದಳು. ಇನ್ನೊಬ್ಬರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಕೈ ಕಟ್ಟಿಕೊಂಡು ನಿಂತರು. ಪೆನ್ಶನ್ ಬಾರದ ಅಜ್ಜನೊಬ್ಬ ಬೆಂಚಿನ ಮೇಲೆ ಕೂತು, ಇಲ್ಲಿ ಏನು ಕೊಡುತ್ತೀರಿ ಅಂತ ಕೇಳಿದ. ಏನೂ ಕೊಡುವುದಿಲ್ಲ ತಾತ, ಆ ಬಾಣ ರಸ್ತೆಗೆ ಹಾಕಿದ್ದು ಅಂದೆ.

"ರಸ್ತೆ ಇಲ್ಲೇ ಬಿದ್ದೈತಲ್ಲವ್ವ. ಕಾಣಕಿಲ್ವಾ? ಅದ್ನ ತೋರ್ಸಾಕೂ ಒಂದು ಬಾಣ ಬೇಕಾ?"

ಎಂ.ಎ. ಓದಿದ ನಾನು ತಾತನಿಗೆ ಒಂದು ಲೋಟ ನೀರು ಕೊಟ್ಟೆ.

ಬೋರ್ಡಿನ ಜೊತೆಗೇ ಅದನ್ನು ಕಾಯಲು ಒಬ್ಬ ಪೇದೆಯನ್ನೂ ಹಾಕಿದರು. ಜಯಮ್ಮ ಅವರನ್ನು ಪೊಲೀಸಪ್ಪ ಅಂದರು, ಬೀದಿಯೂ ಹಾಗೇ ಅಂದಿತು. ಮೆದು ಮನುಷ್ಯ. ಕುಡಿಯಲು ನೀರು ಕೇಳಿಕೊಂಡು ಅಂಗಡಿಗೆ ಬಂದಾಗ ಅವರ ಕಥೆ ಹೊರಬಿತ್ತು. ಹೆಂಡತಿ ಈ ಊರಿನ ಶಾಲೆಯಲ್ಲಿ ಟೀಚರ್. ಮದುವೆಯಾದಂದಿನಿಂದ ಆಕೆ ಒಂದೂರು, ಇವರು ಒಂದೂರು. ರಜೆ ಸಿಕ್ಕ ಭಾನುವಾರ ಮಾತ್ರ ಇವರು ಬಂದು ಮುಖ ತೋರಿಸಿ ಹೋಗುವುದು. ಮಗಳು ಯಾರಾದರೂ ಕೇಳಿದರೆ, ಇವರು ನಮ್ಮ ಭಾನುವಾರದಪ್ಪ ಅನ್ನುತ್ತಿದ್ದಳಂತೆ, ಮಿಕ್ಕ ವಾರಗಳಿಗೆ ಬೇರೆ ಬೇರೆ ಅಪ್ಪಂದಿರು ಇರುವ ಹಾಗೆ. ಅಲೆದು ಅಲೆದು ಕೊನೆಗೆ ಈ ಊರಿಗೆ ವರ್ಗ ಮಾಡಿಸಿಕೊಂಡಿದ್ದರು. ಆದರೆ ದೊಡ್ಡ ಸಾಹೇಬರು ಮೊದಲೇ ಹೇಳಿಬಿಟ್ಟಿದ್ದರು: ನಾನು ತಪಾಸಣೆಗೆ ಬರುವಷ್ಟರಲ್ಲಿ ಒನ್‌ವೇ ಒನ್‌ವೇ ಹಾಗೆ ನಡೆಯುತ್ತಿರಬೇಕು, ಇಲ್ಲವಾದರೆ ನೀನು ಹಳೇ ಜಾಗಕ್ಕೇ ವಾಪಸ್.

"ಬೈಕು ಕಾರು ದಾರಿಗೆ ಬಂದವು ಮೇಡಂ. ಈ ಸೈಕಲ್‌ನವರೇ ನನ್ನ ಸಂಸಾರ ಹಾಳು ಮಾಡೋದು" ಅಂದರು.

ಅವರು ಅದನ್ನು ಹೇಳುತ್ತಿದ್ದಾಗಲೇ ಹೊರಗೆ ಬಾಣದ ಮೂತಿಗೆ ಎದುರಾಗಿ ಸೈಕಲ್‌ಗಳ ಸಾಲೊಂದು ಹೋಯಿತು. ತುಳಿಯುತ್ತಿದ್ದವರೆಲ್ಲ ಅವರಿಗೆ ನಮಸ್ಕಾರ ಮಾಡಿಕೊಂಡೇ ಹೋದರು.

ಇಳಿದು ತಳ್ಳುವುದು

ಮೊದಮೊದಲು ಪೊಲೀಸಪ್ಪ ವಿಷಲ್ ಊದಿ ನೋಡಿದರು. ಊದಿದಾಗೆಲ್ಲ ಸೈಕಲ್‌ನವರು ಹಿಂದೆ ತಿರುಗಿ ನೋಡುತ್ತಿದ್ದರು, ಅಯ್ಯೋ ಪಾಪ ಯಾರನ್ನೋ ಹಿಡಿದರು ಅನ್ನುವ ಕನಿಕರದಲ್ಲಿ. ವಿಷಲ್ ತಮಗೂ ಊದಬಹುದು ಅಂತ ಒಬ್ಬರಿಗೂ ಅನ್ನಿಸಲಿಲ್ಲ.

ಆಮೇಲೆ ಅವರು ರಾಜಿಗೆ ಬಂದರು. ಈ ಕಡೆಯಿಂದಲೇ ಹೋಗಬೇಕು ಅಂತಿದ್ದರೆ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗಿ, ನಡೆಯುವವರಿಗೆ ಒನ್‌ವೇ ಇಲ್ಲ ಅಂತ ಬಂದವರಿಗೆಲ್ಲ ಹೇಳಿದರು. ನ್ಯಾಯವಾದ ಮಾತು. ಎಲ್ಲರೂ ತಲೆ ಆಡಿಸಿದರು.

ಮಾರನೆಯ ದಿನ ಗಂಡಹೆಂಡತಿ ಇಬ್ಬರು ಗಿರಣಿಯಿಂದ ಬರುತ್ತಿದ್ದರು, ಮಾಮೂಲಿನಂತೆ ಬಾಣಕ್ಕೆ ಎದುರಾಗಿ. ಗಂಡ ಹ್ಯಾಂಡಲ್ ಹಿಡಿದು ಸೈಕಲ್ ತಳ್ಳುತ್ತಿದ್ದಾನೆ. ಹೆಂಡತಿ ಹಿಂದೆ ಕ್ಯಾರಿಯರ್ ಮೇಲೆ ರಾಗಿ ಹಿಟ್ಟಿನ ಡಬ್ಬ ತೊಡೆಯಲ್ಲಿಟ್ಟುಕೊಂಡು ಸುಖವಾಗಿ ಕೂತಿದ್ದಾಳೆ. ಪೊಲೀಸಪ್ಪ ಅಡ್ಡ ನಿಂತು, ಈ ಕಡೆಯಿಂದ ಸೈಕಲ್ ಸವಾರಿ ಇಲ್ಲ ಅಂದರು.

"ನಾನು ಸೈಕಲ್ ಮ್ಯಾಲಿಲ್ಲ ಸಾರ್. ನಡ್ಕಂಡು ಓಯ್ತಾವ್ನಿ. ನೀವೇ ಯೋಳಿದ್ದು."

"ನೀನು ಸರಿನಪ್ಪ. ಇವರು ಕೂತಿದ್ದಾರಲ್ಲ?"

"ಅವ್ಳನ್ನೇ ಕೇಳಿ."

ಪೊಲೀಸಪ್ಪ ಆಕೆಯ ಕಡೆ ತಿರುಗಿದರು. ಆಕೆ ಡಬ್ಬದ ಮುಚ್ಚಳ ಒತ್ತಿ ಭದ್ರ ಮಾಡಿಕೊಂಡು ಹೇಳಿದಳು.

"ನಂಗೆ ಸೈಕಲ್ ತುಳಿಯಾಕೇ ಬರಕಿಲ್ಲ ಸ್ವಾಮಿ. ಬೇಕಾದ್ರೆ ನಮ್ಮ ಬೀದೀಲಿ ಯಾರ್ನಾರೂ ಇಚಾರ್ಸಿ."

ಪೊಲೀಸಪ್ಪ ಒಮ್ಮೆ ಗಂಡನ ಕಾಲು ನೋಡಿದರು. ಅವು ನೆಲದ ಮೇಲಿದ್ದವು. ಒಮ್ಮೆ ಹೆಂಡತಿಯ ಕಾಲು ನೋಡಿದರು. ಅವು ಪೆಡಲಿನ ಮೇಲೆ ಇರಲಿಲ್ಲ. ಒಬ್ಬ ಹತ್ತಿಲ್ಲ, ಇನ್ನೊಬ್ಬಳು ತುಳಿಯುತ್ತಿಲ್ಲ. ರಾಜ್ಯಶಾಸ್ತ್ರ ಓದಿದ ನನಗೂ ಅಂಗಡಿಯೊಳಗಿನಿಂದ ತಪ್ಪಿತಸ್ಥರು ಯಾರು ಅಂತ ಹೊಳೆಯಲಿಲ್ಲ. ಕೊನೆಗೆ ಪೊಲೀಸಪ್ಪನ ಕಣ್ಣು ಡಬ್ಬದ ಮೇಲೆ ನಿಂತಿತು. ಆ ಸೈಕಲ್ಲಿನಲ್ಲಿ ಕೇಳಲು ಉಳಿದಿದ್ದದ್ದು ರಾಗಿ ಹಿಟ್ಟು ಒಂದೇ.

ಹಿಂದಕ್ಕೆ ಓಡುವ ಕುದುರೆ

ಮರದ ಕುದುರೆ ಅಂದ ತಕ್ಷಣ, ಓ ಇದು ಚನ್ನಪಟ್ಟಣವೇ ಅಂತ ತೀರ್ಮಾನ ಮಾಡಿಬಿಡಬೇಡಿ. ಅಲ್ಲಿ ಮಾಡಿದ ಗೊಂಬೆ ಸುತ್ತಲ ಊರುಗಳಿಗೆಲ್ಲ ಹೋಗುತ್ತದೆ. ನಮ್ಮ ಬೀದಿಯಲ್ಲೂ ಒಬ್ಬ ಹಿರಿಯರು ಅಂಗಡಿ ಅಂಗಡಿಗೆ ಗೊಂಬೆ ಹಾಕುತ್ತಾರೆ. ಎಲ್ಲರಿಗೂ ಅವರು ಗೊಂಬೆ ಭಾಯ್. ಮಕ್ಕಳು ಕೂತು ತೂಗುವ ದೊಡ್ಡ ಕುದುರೆಯನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಬರುತ್ತಾರೆ. ಕುದುರೆಯ ಮೂತಿ ಮುಂದಕ್ಕೆ ಮಾಡಿ ಕಟ್ಟಿದರೆ ಅದು ಭಾಯ್ ಬೆನ್ನಿಗೆ ತಿವಿಯುತ್ತದೆ. ಆದ್ದರಿಂದ ಬಾಲ ಮುಂದೆ, ಮೂತಿ ಹಿಂದೆ.

ಒಂದು ಬೆಳಿಗ್ಗೆ ಭಾಯ್ ಅಪರೂಪಕ್ಕೆ ಬಾಣ ಹೇಳಿದ ದಿಕ್ಕಿನಲ್ಲೇ ಹೋದರು. ಆಗ ಪೊಲೀಸಪ್ಪ ಬೇಕರಿ ಕಡೆ ತಿರುಗಿ ಟೀ ಕುಡಿಯುತ್ತಿದ್ದರು. ಗ್ಲಾಸು ಇಟ್ಟು ರಸ್ತೆ ಕಡೆ ನೋಡುತ್ತಾರೆ, ಕಣ್ಣಿಗೆ ನೇರ ಬಿಸಿಲು, ಆ ಬಿಸಿಲಿನೊಳಗೆ ಒಂದು ಕೆಂಪು ಕುದುರೆ ಹಲ್ಲು ಬಿಟ್ಟುಕೊಂಡು ತಮ್ಮ ಕಡೆಗೇ ಮುಖ ಮಾಡಿ ಬರುತ್ತಿದೆ. ಒನ್‌ವೇಯಲ್ಲಿ, ಎದುರಿನಿಂದ. ಕೈ ಅಡ್ಡ ಹಿಡಿದು ವಿಷಲ್ ಊದಿದರು. ಕುದುರೆ ನಿಲ್ಲಲಿಲ್ಲ, ಹತ್ತಿರವೂ ಬರಲಿಲ್ಲ. ಇವರು ಊದಿದಷ್ಟೂ ಅದು ಇವರನ್ನೇ ನೋಡುತ್ತಾ ಹಿಂದಹಿಂದಕ್ಕೆ ಹೋಗುತ್ತಿತ್ತು. ಪೊಲೀಸಪ್ಪ ಟೋಪಿ ಹಿಡಿದುಕೊಂಡು ಓಡಿದರು. ಗುಡಿಯ ಹಿಂದೆ ಹೋಗಿ ಹಿಡಿದರಂತೆ.

"ಭಾಯ್, ಒಂದು ಮಾತು ಸರಿಯಾಗಿ ಹೇಳಿ. ನೀವು ಬರ್ತಿದೀರೋ, ಹೋಗ್ತಿದೀರೋ?"

"ನಾನು ಹೋಗ್ತಿದೀನಿ ಸಾರ್. ಕುದುರೆ ಬರ್ತಿದೆ."

ಇನ್ನು ಮೇಲೆ ಕುದುರೆಯನ್ನು ಸರಿಯಾಗಿ ಮುಂದಕ್ಕೆ ಮುಖ ಮಾಡಿ ಕಟ್ಟಿಕೊಂಡು ಬನ್ನಿ, ನನ್ನ ತಲೆ ಕೆಡುತ್ತದೆ ಅಂತ ಪೊಲೀಸಪ್ಪ ಕೇಳಿಕೊಂಡರು. ಭಾಯ್ ಮಾತಿಗೆ ಬೆಲೆ ಕೊಡುವವರು. ಮಾರನೆಯ ದಿನ ಬೆನ್ನಿಗೊಂದು ದಿಂಬು ಕಟ್ಟಿಕೊಂಡು, ಕುದುರೆಯ ಮುಖ ಮುಂದೆ ಮಾಡಿಕೊಂಡು ಬಂದರು. ಕುದುರೆ ಸರಿಯಿತ್ತು. ಈ ಸಲ ಭಾಯ್ ಬಾಣಕ್ಕೆ ಎದುರಾಗಿ ಬರುತ್ತಿದ್ದರು.

ನಿನ್ನೆ ತಾನೇ ಸರಿಯಾದ ಕಡೆಯಿಂದ ಹೋಗಿದ್ದಿರಲ್ಲ ಭಾಯ್, ಇವತ್ತೇನಾಯಿತು ಅಂತ ಪೊಲೀಸಪ್ಪ ಕೇಳಿದರು. ಭಾಯ್ ಸೈಕಲ್ ನಿಲ್ಲಿಸಿ, ನೊಂದವರ ದನಿಯಲ್ಲಿ ಹೇಳಿದರು.

"ನಿನ್ನೆ ನೀವು ಹೇಳಿದ ಕಡೆಯಿಂದ ಹೋದೆ ಸಾರ್. ಎದುರಿಗೆ ಬಂದವರೆಲ್ಲ ಬೈದರು, ಒನ್‌ವೇಲಿ ಯಾಕೆ ನುಗ್ತೀಯ, ಕಣ್ಣು ಕಾಣಲ್ವಾ ಅಂತ."

ಎಡಬಲದ ವಿಚಾರ

ಇಷ್ಟಕ್ಕೂ ನಮ್ಮ ಜನ ಯಾಕೆ ಹೀಗೆ ಮಾಡುತ್ತಾರೆ ಅನ್ನುವುದು ಪೊಲೀಸಪ್ಪನಿಗೆ ತಿಳಿದಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಹೊಳೆದಿರಲಿಲ್ಲ. ಬಿಡಿಸಿ ಹೇಳಿದವರು ಹಾಲಿನ ಗೌಡರು. ಸೈಕಲ್ಲಿನ ಎರಡೂ ಕಡೆ ಕ್ಯಾನ್ ತೂಗಿಸಿಕೊಂಡು ಪಕ್ಕದ ಹಳ್ಳಿಯಿಂದ ಬರುತ್ತಾರೆ. ಗುಡಿ ಹತ್ತಿರ ಬಂದ ಕೂಡಲೇ ಒಂದು ಕೈ ಹ್ಯಾಂಡಲ್ ಬಿಟ್ಟು ಕೆನ್ನೆ ಮುಟ್ಟಿಕೊಳ್ಳುತ್ತಾರೆ. ಸೈಕಲ್ ಒಮ್ಮೆ ಓಲಾಡುತ್ತದೆ, ಹಾಲೂ ಓಲಾಡುತ್ತದೆ, ಆಂಜನೇಯ ಕಾಪಾಡುತ್ತಾನೆ.

ಅವತ್ತು ಪೊಲೀಸಪ್ಪ ಅವರ ಸೈಕಲ್ಲಿನ ಹ್ಯಾಂಡಲ್ಲೇ ಹಿಡಿದುಕೊಂಡು, ನಿಮಗೆ ಕೈ ಮುಗಿಯುತ್ತೇನೆ ಗೌಡರೇ, ಈ ಕಡೆಯಿಂದ ಯಾಕೆ ಬರುತ್ತೀರಿ ಅಂತ ಕೇಳಿದರು.

"ಪೊಲೀಸಪ್ಪೋರೆ, ಒಸಿ ಗುಡಿ ಕಡೆ ತಿರುಗಿ ನಿಂತ್ಕಂಡು ನೋಡಿ. ನಿಮ್ಮ ಬಾಣ ಯೋಳ್ದಂಗೆ ಸುತ್ತುದ್ರೆ ದೇವ್ರು ಯಾವ ಕಡೀಕ್ ಬತ್ತಾನೆ?"

ಪೊಲೀಸಪ್ಪ ನಿಂತು ಕೈಯಲ್ಲೇ ಗಾಳಿಯಲ್ಲಿ ಸುತ್ತು ಹಾಕಿ ನೋಡಿಕೊಂಡರು. ನಾನೂ ಅಂಗಡಿಯೊಳಗೆ ಪೆನ್ನು ಹಿಡಿದು ಸುತ್ತು ಹಾಕಿದೆ. ಎಡಕ್ಕೆ ಬರುತ್ತಾನೆ.

"ದೇವ್ರ ಎಡಕ್ಕಾಕ್ಕಂಡು ಸುತ್ತಾದು ಉಂಟಾ? ಅಪ್ರದಕ್ಷಿಣೆ ಅಂತಾರೆ ಅದಕ್ಕೆ. ಮನೆಗೆ ಒಳ್ಳೇದಲ್ಲ. ನನ್ ಎಮ್ಮೆ ಹಾಲು ಬತ್ತೋದ್ರೆ ನಿಮ್ಮ ಡಿಪಾಟ್ಮೆಂಟ್ನೋರು ಬಂದು ಹಾಲ್ ಕೊಡ್ತಾರಾ?"

ಇಲಾಖೆಯ ನಕ್ಷೆಯಲ್ಲಿ ಗುಡಿ ಒಂದು ಚುಕ್ಕೆ ಇದ್ದಿರಬೇಕು. ಚುಕ್ಕೆಗೆ ಎಡವಿಲ್ಲ, ಬಲವಿಲ್ಲ. ಬೈಕಿನವರ ಭಕ್ತಿ ಮೊದಲ ದಂಡದ ದಿನವೇ ಎಡಕ್ಕೆ ಒಗ್ಗಿಕೊಂಡಿತ್ತು. ಸೈಕಲ್‌ನವರ ಭಕ್ತಿಗೆ ದಂಡವಿಲ್ಲವಾದ್ದರಿಂದ ಅದು ಬಲಕ್ಕೇ ಉಳಿದಿತ್ತು. ಭಾಯ್ ಅಂಥವರು ಹೇಗೂ ಎಲ್ಲರೂ ಹೋಗುವ ಕಡೆ.

ಪೊಲೀಸಪ್ಪ ನೆಟ್ಟಗೆ ಅರ್ಚಕರ ಹತ್ತಿರ ಹೋದರು. ಅರ್ಚಕರು ತಿಳಿದವರು. ಪ್ರದಕ್ಷಿಣೆ ಅಂದರೆ ಮಿಂದು, ಮಡಿಯುಟ್ಟು, ಮನಸ್ಸಿಟ್ಟು ಕಾಲ್ನಡಿಗೆಯಲ್ಲಿ ಮಾಡುವುದು, ಹಾಲಿನ ಕ್ಯಾನ್ ನೇತುಹಾಕಿಕೊಂಡು ಬೆಲ್ ಹೊಡೆಯುತ್ತಾ ಹೋಗುವುದು ಬರೀ ಸಾರಿಗೆ, ಅದಕ್ಕೆ ದೋಷ ಅಂಟುವುದಿಲ್ಲ ಅಂದರು. ಪೊಲೀಸಪ್ಪನಿಗೆ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಇದನ್ನೇ ದಯವಿಟ್ಟು ಗುಡಿಯ ಮೈಕಿನಲ್ಲಿ ಹೇಳಿ ಅಂದರು. ಅರ್ಚಕರು ಹೇಳಿದರು, ಶ್ಲೋಕದ ಸಮೇತ. ಬೀದಿಯೆಲ್ಲ ನಿಂತು ಕೇಳಿತು.

ಮಂಗಳಾರತಿ ಮುಗಿಸಿ, ಗುಡಿಗೆ ಬೀಗ ಹಾಕಿ, ಅರ್ಚಕರು ಪಂಚೆ ಎತ್ತಿ ಕಟ್ಟಿ ತಮ್ಮ ಸೈಕಲ್ ಹತ್ತಿದರು. ಹತ್ತಿ, ದೇವರನ್ನು ಬಲಕ್ಕೆ ಹಾಕಿಕೊಂಡು, ಬಾಣಕ್ಕೆ ಎದುರಾಗಿ ಹೊರಟರು. ಪೊಲೀಸಪ್ಪ ಓಡಿ ಬಂದು ಅಡ್ಡ ನಿಂತಾಗ ಅರ್ಚಕರು ಒಂದು ಕಾಲು ಊರಿ ಹೇಳಿದರು.

"ನಾನು ಹೇಳಿದ್ದು ಶಾಸ್ತ್ರ ಕಣಪ್ಪ, ಅದರಲ್ಲಿ ಅನುಮಾನ ಇಲ್ಲ. ಆದರೆ ನಾನೇ ಎಡಕ್ಕೆ ಹಾಕಿಕೊಂಡು ಹೋದರೆ ನಾಳೆಯಿಂದ ಗುಡಿಗೆ ಯಾರು ಬರ್ತಾರೆ?"

ಸಾಹೇಬರು ಬಂದ ಬೆಳಿಗ್ಗೆ

ನಾಳೆ ಬೆಳಿಗ್ಗೆ ತಪಾಸಣೆ ಅಂತ ಸುದ್ದಿ ಬಂದ ಸಂಜೆ ಪೊಲೀಸಪ್ಪ ನನ್ನ ಅಂಗಡಿ ಮೆಟ್ಟಿಲ ಮೇಲೆ ಕೂತುಬಿಟ್ಟರು. ಹೆಂಡತಿ ಬಾಡಿಗೆ ಮನೆಯ ಕಿಟಕಿಗೆಲ್ಲ ಹೊಸ ಪರದೆ ಹೊಲಿಸಿ ಹಾಕಿದ್ದಾಳೆ, ಮತ್ತೆ ಗಂಟುಮೂಟೆ ಕಟ್ಟಬೇಕು ಅಂತ ಅವಳಿಗೆ ಹೇಗೆ ಹೇಳಲಿ ಮೇಡಂ ಅಂದರು. ನಾನು ಟೀ ತರಿಸಿದೆ. ಕುಡಿಯದೆ ಎದ್ದು ಹೋದರು.

ಇಲ್ಲಿಂದ ಮುಂದೆ ಎರಡು ಕಡೆ ಎರಡು ಕೆಲಸ ನಡೆದವು. ಒಂದನ್ನು ನಾನು ನೋಡಿದೆ, ಇನ್ನೊಂದನ್ನು ಜಯಮ್ಮ ನೋಡಿದರು. ಅವತ್ತು ನನಗಾದ ಗೊಂದಲ ನಿಮಗೆ ಆಗಬಾರದು ಅಂತ ಎರಡನ್ನೂ ಮೊದಲೇ ಹೇಳಿಬಿಡುತ್ತೇನೆ.

ನಾನು ನೋಡಿದ್ದು ಇದು. ಪೊಲೀಸಪ್ಪ ಅತ್ತ ಹೋದ ಮೇಲೆ ಹಾಲಿನ ಗೌಡರು, ಗೊಂಬೆ ಭಾಯ್, ಗಿರಣಿಯ ಗಂಡಹೆಂಡತಿ ಎಲ್ಲ ನನ್ನ ಅಂಗಡಿ ಮುಂದೆ ಸೇರಿದರು. ಪರದೆಯ ವಿಚಾರ ಎಲ್ಲರ ಕಿವಿಗೂ ಬಿದ್ದಿತ್ತು. ನಾಳೆ ಒಂದು ಬೆಳಿಗ್ಗೆ, ಸಾಹೇಬರು ಇರುವಷ್ಟು ಹೊತ್ತು, ಎಲ್ಲರೂ ಬಾಣ ಹೇಳಿದ ಕಡೆಯಿಂದಲೇ ಹೋಗೋಣ ಅಂತ ಮಾತಾಯಿತು. ದೇವರ ವಿಚಾರಕ್ಕೆ ಅರ್ಚಕರನ್ನು ಕರೆದರು. ಎಡಕ್ಕೆ ಸುತ್ತಿದ್ದನ್ನು ಸಾಹೇಬರು ಹೋದ ಮೇಲೆ ಬಲಕ್ಕೆ ಸುತ್ತಿದರೆ ಆಯಿತು, ರಾಟೆಗೆ ಸುತ್ತಿದ ನೂಲು ಬಿಚ್ಚಿದ ಹಾಗೆ ಎಲ್ಲ ಬಿಚ್ಚಿಕೊಳ್ಳುತ್ತದೆ ಅಂದರು ಅವರು. ಪೊಲೀಸಪ್ಪನಿಗೆ ಹೇಳುವುದು ಬೇಡ, ನಾಳೆ ಅವರೇ ನೋಡಿ ಖುಷಿಪಡಲಿ ಅಂದವರು ಗೌಡರು.

ಜಯಮ್ಮ ನೋಡಿದ್ದು ಇದು. ಬೆಳಗಿನ ಜಾವ ಅವರು ಹೂವಿನ ಬುಟ್ಟಿ ಇಳಿಸುವಾಗ ಪೊಲೀಸಪ್ಪ ಬೇಕರಿಯವರ ಸ್ಟೂಲ್ ಹತ್ತಿ, ಸ್ಪ್ಯಾನರ್ ಹಿಡಿದು, ಬೋರ್ಡಿನ ಹತ್ತಿರ ಏನೋ ಮಾಡುತ್ತಿದ್ದರು. ಪಾಪ, ಸಾಹೇಬರು ಬರುತ್ತಾರಲ್ಲ, ಬಿಗಿ ಮಾಡುತ್ತಿದ್ದಾರೆ ಅಂದುಕೊಂಡು ಜಯಮ್ಮ ತಮ್ಮ ದಾರ ಹುಡುಕಿಕೊಂಡರು. ಪೊಲೀಸಪ್ಪನ ಲೆಕ್ಕಾಚಾರ ಬೇರೆಯಿತ್ತು. ಈ ಊರಿನ ಇಷ್ಟೂ ಸೈಕಲ್ ತಿರುಗಿಸುವುದು ತನ್ನಿಂದಾಗುವುದಿಲ್ಲ, ಒಂದು ಬೋರ್ಡು ತಿರುಗಿಸಬಹುದು. ನಾಲ್ಕು ಊರಿನ ಬೀದಿಬೀದಿಗೆ ಒನ್‌ವೇ ಮಾಡಿಸಿರುವ ಸಾಹೇಬರಿಗೆ ಈ ಬೀದಿಯ ಬಾಣ ಯಾವ ಕಡೆಗಿತ್ತು ಅಂತ ನೆನಪಿರುತ್ತದೆಯೇ. ಜನ ಹೋಗುವ ಕಡೆಗೇ ಬಾಣ ಇದ್ದರೆ ತಪಾಸಣೆ ಪಾಸು.

ನಾನು ಅಂಗಡಿ ತೆಗೆದಾಗ ‘ಏಕಮುಖ ಸಂಚಾರ’ ತಲೆಕೆಳಗಾಗಿ ನಿಂತಿತ್ತು. ಬಾಣ ಬೇಕರಿ ಕಡೆ ತೋರಿಸುತ್ತಿತ್ತು. ನನಗೆ ಮೊದಲು ಬಂದ ಯೋಚನೆ, ಇವತ್ತು ಬಿ.ಪಿ. ಮಾತ್ರೆ ಮರೆತೆ ಅಂತ.

ಅಷ್ಟರಲ್ಲಿ ಸೈಕಲ್‌ಗಳು ಬಂದವು. ಅಂಥ ಶಿಸ್ತನ್ನು ನಾನು ಗಣರಾಜ್ಯೋತ್ಸವದಲ್ಲೂ ಕಂಡಿಲ್ಲ. ಮುಂದೆ ಅರ್ಚಕರು, ಗುಡಿ ಎಡಕ್ಕೆ ಬರುವಾಗ ಕಣ್ಣು ಮುಚ್ಚಿಕೊಂಡು. ಹಿಂದೆ ಗೌಡರು, ತಪ್ಪಾಯ್ತು ತಂದೆ, ಒಂದ್ ಹೊತ್ತು ತಡ್ಕೋ ಅಂತ ಗೊಣಗಿಕೊಂಡು. ಅವರ ಹಿಂದೆ ಭಾಯ್, ಕುದುರೆ, ಗಿರಣಿಯ ಗಂಡಹೆಂಡತಿ, ಉಳಿದ ಜನ. ಎಲ್ಲರೂ ಮೊದಲಿನ ಬಾಣ ಹೇಳಿದ ದಿಕ್ಕಿನಲ್ಲಿ. ಅಂದರೆ ಆ ಬೆಳಗಿನ ಬಾಣಕ್ಕೆ ಸರಿಯಾಗಿ ಎದುರಾಗಿ. ಇಷ್ಟು ದಿನ ಸುತ್ತಿದ್ದೇ ಬಂತು, ತಲೆಯೆತ್ತಿ ಬೋರ್ಡು ನೋಡಿದವರು ಯಾರಿದ್ದಾರೆ.

ಪೊಲೀಸಪ್ಪ ರಸ್ತೆಯ ನಡುವೆ ಓಡಿ ಬಂದರು. ತಿರುಗಿ, ತಿರುಗಿ, ಆ ಕಡೆಯಿಂದ ಬನ್ನಿ ಅಂತ ಎರಡೂ ಕೈ ಬೀಸಿದರು. ಗೌಡರು ಅದನ್ನು ನಾಟಕ ಅಂದುಕೊಂಡು ಕಣ್ಣು ಹೊಡೆದರು.

"ಗೊತ್ತಾಯ್ತು ಸುಮ್ಕಿರಿ ಪೊಲೀಸಪ್ಪೋರೆ. ನಾವ್ ನೋಡ್ಕತ್ತೀವಿ."

ಕೆಲವರು ಪೊಲೀಸು ಹೇಳುತ್ತಿದ್ದಾರಲ್ಲ ಅಂತ ತಿರುಗಿದರು. ತಿರುಗಿದವರು ಹಿಂದಿನವರಿಗೆ ಡಿಕ್ಕಿ ಹೊಡೆದರು. ಬಾಣ ನೋಡಿ ಬಂದ ಆಟೋದವನು ಎದುರಿಗೆ ನಿಂತು ಕುದುರೆಯ ಮುಖ ನೋಡುತ್ತಿದ್ದ. ಹಾಲಿನ ಕ್ಯಾನ್, ಹಿಟ್ಟಿನ ಡಬ್ಬ, ಆಟೋ ಎಲ್ಲ ಬೋರ್ಡಿನ ಕೆಳಗೇ ಗಂಟು ಬಿದ್ದವು. ಆಗ ಜೀಪು ಬಂತು. ಸೈಕಲ್ ಸಾಲಿನ ಹಿಂದಿನಿಂದಲೇ ಬಂತು, ಅದೇ ದಿಕ್ಕಿನಲ್ಲಿ.

ಸಾಹೇಬರು ಇಳಿದರು. ಬೋರ್ಡು ನೋಡಿದರು. ಅಕ್ಷರ ಓದಲು ತಲೆ ವಾಲಿಸಿದರು, ಇನ್ನೂ ವಾಲಿಸಿದರು, ಟೋಪಿ ಜಾರಿತು. ಬಾಣ ನೋಡಿದರು, ಆಮೇಲೆ ತಮ್ಮ ಜೀಪಿನ ಮೂತಿ ನೋಡಿದರು. ಎರಡೂ ಒಂದಕ್ಕೊಂದು ಎದುರು. ಡ್ರೈವರನ್ನು ಕೇಳಿದರು, ನಾವೀಗ ಯಾವ ಕಡೆಯಿಂದ ಬಂದೆವು ಅಂತ.

ಡ್ರೈವರ್ ಬೋರ್ಡು ನೋಡಿದ, ಸಾಹೇಬರನ್ನು ನೋಡಿದ. "ತಾವು ಬಂದ ಕಡೆಯಿಂದ ಸಾರ್."

ಪೊಲೀಸಪ್ಪ ಸೆಲ್ಯೂಟ್ ಹೊಡೆದ ಕೈಯನ್ನು ಇಳಿಸುವುದನ್ನೇ ಮರೆತಿದ್ದರು. ಆಗ ಗೌಡರು ಮುಂದೆ ಬಂದರು.

"ಸಾಯೇಬ್ರೆ, ನಾವೆಲ್ಲ ಸರಿಯಾಗೇ ಬಂದ್ವಿ. ನಿಮ್ ಜೀಪೂ ಸರಿಯಾಗೇ ಬಂತು. ಬೋರ್ಡು ಒಂದೇ ಉಲ್ಟಾ ನಿಂತಿರಾದು. ನೆನ್ನೆ ಗಂಟ ಈ ಕಡೀಕಿತ್ತು, ಯಾರ್ನಾದ್ರೂ ಕೇಳಿ."

ಎಲ್ಲರೂ ಒಂದೇ ದನಿಯಲ್ಲಿ ಹೌದು ಅಂದರು. ಆ ಬೀದಿ ಒಂದು ಮಾತಿಗೆ ಒಪ್ಪಿದ್ದನ್ನು ನಾನು ಕಂಡದ್ದು ಅದೇ ಮೊದಲು. ಸಾಹೇಬರ ಮುಖ ಗಂಟಿಕ್ಕಿತು. ಹಾಗಾದರೆ ಬೋರ್ಡು ತಿರುಗಿಸಿದವರು ಯಾರು ಅಂತ ಕೇಳಿದರು. ಪೊಲೀಸಪ್ಪನ ತುಟಿ ಅಲುಗಿತು. ಒಪ್ಪಿಕೊಂಡೇ ಬಿಡುತ್ತಿದ್ದರೋ ಏನೋ. ಜಯಮ್ಮನಿಗೆ ಬೆಳಗಿನ ಸ್ಪ್ಯಾನರಿನ ಅರ್ಥ ಆದದ್ದು ಆ ಕ್ಷಣದಲ್ಲಂತೆ. ಕೂತಲ್ಲಿಂದಲೇ ಹೇಳಿದರು.

"ಗಾಳಿ ಸ್ವಾಮಿ."

ಸಾಹೇಬರು ಕೈ ಚಾಚಿ ಬೋಲ್ಟು ಅಲ್ಲಾಡಿಸಿ ನೋಡಿದರು. ಅದು ಅಲುಗಲಿಲ್ಲ.

"ಗಾಳಿ ಬೋರ್ಡ್ ತಿರುಗಿಸಿ, ಆಮೇಲೆ ಬೋಲ್ಟನ್ನೂ ಬಿಗಿ ಮಾಡಿ ಹೋಯ್ತಾ?"

"ಇದು ಆಂಜನೇಯನ ಗುಡಿ ಸ್ವಾಮಿ. ಗಾಳಿದೇವ್ರು ಅವ್ರ ಸ್ವಂತ ಅಪ್ಪ. ಮಗನ ಮನೆ ಮುಂದೆ ಬಂದ್ರೆ ಏನಾರ ಒಂದ್ ಕೆಲ್ಸ ಮಾಡ್ಕೊಟ್ಟೇ ಓಗಾದು."

ಸಾಹೇಬರು ಗುಡಿ ಕಡೆ ನೋಡಿದರು. ಟೋಪಿ ತೆಗೆಯಬೇಕೋ ಹಾಕಿಕೊಳ್ಳಬೇಕೋ ತಿಳಿಯದೆ ಕೈಯಲ್ಲೇ ಹಿಡಿದುಕೊಂಡರು. ಆಮೇಲೆ ಪೊಲೀಸಪ್ಪನ ಹತ್ತಿರ ಹೋಗಿ ಹೆಗಲ ಮೇಲೆ ಕೈಯಿಟ್ಟರು.

"ನನ್ನ ಸರ್ವಿಸ್‌ನಲ್ಲಿ ಬೋರ್ಡ್ ಸರಿ ಇದ್ದು ಜನ ಉಲ್ಟಾ ಹೋಗೋದನ್ನೇ ನೋಡಿರೋದು. ಬೋರ್ಡ್ ಉಲ್ಟಾ ಇದ್ದರೂ ಜನ ಸರಿಯಾಗಿ ಹೋಗೋದು ಇಲ್ಲೇ. ಹೇಗ್ರೀ ಕಲಿಸಿದ್ರಿ ಇವರಿಗೆ?"

ಪೊಲೀಸಪ್ಪ ಸಾರ್ ಅಂದರು. ಸಾಹೇಬರು ಅದನ್ನು ವಿನಯ ಅಂದುಕೊಂಡರು. ನಿಮ್ಮನ್ನು ಈ ಊರಿಂದ ಅಲ್ಲಾಡಿಸುವುದಿಲ್ಲ ಅಂದರು. ಜೀಪು ಹತ್ತುವಾಗ ಮತ್ತೆ ತಿರುಗಿ, ಇಂಥ ಜನಕ್ಕೆ ಬೋರ್ಡು ಯಾಕೆ, ದಂಡ. ಕಿತ್ತು ಜೀಪಿಗೆ ಹಾಕಿ, ಬೇಕಾದ ಊರು ಇನ್ನೂ ಮೂರಿವೆ ಅಂದರು. ಪೊಲೀಸಪ್ಪನೇ ಬೋಲ್ಟು ಬಿಚ್ಚಿ ಕೊಟ್ಟರು. ಸ್ಪ್ಯಾನರ್ ಇಷ್ಟು ಬೇಗ ಎಲ್ಲಿಂದ ಬಂತು ಅಂತ ಸಾಹೇಬರು ಕೇಳಲಿಲ್ಲ.

ಜೀಪು ತಿರುವು ದಾಟುವ ಮೊದಲೇ ಅರ್ಚಕರು ಹ್ಯಾಂಡಲ್ ತಿರುಗಿಸಿದರು. ಅವರ ಹಿಂದೆ ಇಡೀ ಸಾಲು, ಸುತ್ತಿದ್ದನ್ನೆಲ್ಲ ಬಿಚ್ಚಿಕೊಂಡು, ದೇವರನ್ನು ಬಲಕ್ಕೆ ಹಾಕಿಕೊಂಡು ಹೊರಟಿತು. ಪೊಲೀಸಪ್ಪ ಬರೀ ಕಂಬದ ಪಕ್ಕ ನಿಂತು ಎಲ್ಲರಿಗೂ ಕೈ ತೋರಿಸಿ ದಾರಿ ಬಿಟ್ಟರು. ಬೋರ್ಡಿಲ್ಲದ ಮೇಲೆ ಯಾರದೂ ತಪ್ಪಿಲ್ಲ.

ಸಂಜೆ ಅವರು ಹೆಂಡತಿಗೆ ಅಂತ ಜಯಮ್ಮನ ಬುಟ್ಟಿಯಲ್ಲಿ ಉಳಿದ ಮಲ್ಲಿಗೆಯನ್ನೆಲ್ಲ ಕೊಂಡರು. ಕೊಂಡು, ಆ ಸ್ಪ್ಯಾನರಿನ ವಿಷಯ ಯಾರಿಗೂ ಹೇಳಬೇಡಿ ಅಮ್ಮ, ನನ್ನ ಸಂಸಾರದ ಪ್ರಶ್ನೆ ಅಂತ ಕೈ ಮುಗಿದರು. ಜಯಮ್ಮ ಆಂಜನೇಯನ ಕಡೆ ಕೈ ಮಾಡಿ ಮಾತು ಕೊಟ್ಟರು. ಅವರು ಅತ್ತ ಮರೆಯಾದ ಕೂಡಲೇ ಬುಟ್ಟಿ ಕಂಕುಳಲ್ಲಿ ಇಟ್ಟುಕೊಂಡು ರಸ್ತೆ ದಾಟಿ ನನ್ನ ಅಂಗಡಿಗೆ ಬಂದು, ಬೆಂಚಿನ ಮೇಲೆ ಕೂತು, ಎಲ್ಲ ಹೇಳಿದರು. ಮಾತು ಕೊಟ್ಟಿದ್ದಿರಲ್ಲ ಜಯಮ್ಮ ಅಂದೆ.

"ಕೊಟ್ಟಿವ್ನಿ ಕಣವ್ವ. ಅದ್ಕೇ ನೀನೂ ಎಲ್ರಿಗೂ ಯೋಳ್ಬ್ಯಾಡ. ಒಬ್ಬೊಬ್ಬರ್ಗೇ ಯೋಳು."

ಅಂದಿನಿಂದ ನಾನು ಹಾಗೇ ಮಾಡಿಕೊಂಡು ಬಂದಿದ್ದೇನೆ. ನೀವೂ ದಯವಿಟ್ಟು ಹಾಗೇ ಮಾಡಿ. ಗುಂಪಿನಲ್ಲಿ ಮಾತ್ರ ಬೇಡ.